ದೇವಮ್ಮನ ಮುದ್ದೆ, ಡಾಕ್ಟರ ಗಡಿಯಾರ

ರಾಗಿಹಿಟ್ಟು ಬೇಯುವ ವಾಸನೆ ಬಂದರೆ ಸಾಕು, ನನ್ನ ಕಣ್ಣು ಗೋಡೆಯ ಗಡಿಯಾರದ ಕಡೆ ಹೋಗುತ್ತದೆ. ಸೊಸೆ ನಗುತ್ತಾಳೆ. "ಅತ್ತೆ, ಮುದ್ದೆ ಕಟ್ಟೋಕೆ ಯಾರಾದ್ರೂ ಟೈಮ್ ನೋಡ್ತಾರಾ?" ಇತ್ತೀಚೆಗೆ ನಾನು ಏನಾದರೊಂದು ನೆಪ ಹೇಳಿ ಅವಳನ್ನು ಹಿತ್ತಲಿಗೆ ಕಳಿಸಿ, ಆಮೇಲೆ ಮುದ್ದೆ ಕಟ್ಟಲು ಕೂರುತ್ತೇನೆ. ಅದರ ಕಾರಣ ಆಮೇಲೆ ಹೇಳುತ್ತೇನೆ. ಮೊದಲು ಗಡಿಯಾರದ ಕತೆ ಕೇಳಿ.

ಐವತ್ತರ ದಶಕದ ಮಾತು. ಗುಂಡ್ಲುಪೇಟೆಯ ಒಂದು ಚಿಕ್ಕ ದವಾಖಾನೆಯಲ್ಲಿ ನಾನು ಹೊಸ ನರ್ಸು. ಬಿಳಿ ಸೀರೆ ಉಟ್ಟು ಬೀದಿಗಿಳಿದರೆ ತಾಲ್ಲೂಕೇ ನನ್ನ ಸೂಜಿಗೆ ಹೆದರಬೇಕು ಎನ್ನುವ ಗತ್ತು. ಎದುರಿಗೆ ಎಮ್ಮೆ ಬಂದರೆ ಆ ಗತ್ತೆಲ್ಲ ಬೇಲಿಯ ಆಚೆ ಹಾರುತ್ತಿತ್ತು, ಅದು ಬೇರೆ ವಿಷಯ.

ತಿಂಗಳಿಗೊಮ್ಮೆ ಮೈಸೂರಿನಿಂದ ಒಬ್ಬ ನರರೋಗದ ಡಾಕ್ಟರು ಬರುತ್ತಿದ್ದರು. ಚಾಮರಾಜನಗರದವರೆಗೆ ರೈಲು, ಅಲ್ಲಿಂದ ಬಸ್ಸು. ಬಿಸಿಲೆಷ್ಟಿದ್ದರೂ ಕರಿ ಕೋಟು ಬಿಚ್ಚುತ್ತಿರಲಿಲ್ಲ. ಅವರು ಹುಡುಕುತ್ತಿದ್ದ ಕಾಯಿಲೆಗೆ ಮೋಟಾರ್ ನ್ಯೂರಾನ್ ಡಿಸೀಸ್ ಎಂದು ಹೆಸರು. ಕೈಕಾಲು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತವೆ. ಮಾಂಸ ಕರಗುತ್ತದೆ, ಬರಬರುತ್ತ ನಾಲಿಗೆಯೂ ತೊದಲುತ್ತದೆ. ಬುದ್ಧಿ ಮಾತ್ರ ಚುರುಕಾಗಿ ಉಳಿದು ಎಲ್ಲವನ್ನೂ ನೋಡುತ್ತಿರುತ್ತದೆ. ಭೀಮನಬೀಡಿನ ದೇವಮ್ಮ ಅದಕ್ಕೆ "ಕೈ ಒಣಗೋ ಕಾಯ್ಲೆ" ಎನ್ನುತ್ತಿದ್ದಳು. ಆಕೆಗಿನ್ನೂ ಮೂವತ್ತು ತುಂಬಿರಲಿಲ್ಲ. ಹೆಬ್ಬೆರಳ ಬುಡದ ಮಾಂಸ ಇಳಿದು ಗುಳಿ ಬಿದ್ದಿತ್ತು. ತೋಳಿನ ಚರ್ಮದ ಕೆಳಗೆ ಹುಳು ಹರಿದಂತೆ ಏನೋ ಮಿಡುಕುತ್ತಿತ್ತು.

ಡಾಕ್ಟರದು ವಿಚಿತ್ರ ಪದ್ಧತಿ. ರೋಗಿಯ ಬಲವನ್ನು ಆಕೆ ದಿನಾ ಮಾಡುವ ಕೆಲಸದಲ್ಲೇ ಅಳೆಯಬೇಕು ಎನ್ನುವರು. ದೇವಮ್ಮನಿಗೆ ಮುದ್ದೆ. ಒಂದೇ ಅಳತೆಯ ಹಿಟ್ಟು, ಒಂದೇ ಗಾತ್ರದ ಮುದ್ದೆ, ಕಟ್ಟಲು ಎಷ್ಟು ಹೊತ್ತು? ಹೊರಗಿನ ಗಂಡಸರು ಆ ಮನೆಯ ಅಡುಗೆಕೋಣೆಗೆ ಕಾಲಿಡುವಂತಿರಲಿಲ್ಲ. ಹಾಗಾಗಿ ಡಾಕ್ಟರು ಜಗಲಿಯ ಮೇಲೆ ನೋಟ್‌ಬುಕ್ ಬಿಚ್ಚಿ ಕೂರುವರು, ಅವರ ಜೇಬುಗಡಿಯಾರ ಹಿಡಿದು ನಾನು ಒಲೆಯ ಹತ್ತಿರ ನಿಲ್ಲುವೆ. "ಸಿಸ್ಟರ್, ನನ್ನ ಕಣ್ಣು ನೀವೇ" ಎಂದಿದ್ದರು ಒಮ್ಮೆ. ಆ ಮಾತು ಕೇಳಿ ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಪ್ರತಿ ತಿಂಗಳೂ ಹೊತ್ತು ಹೆಚ್ಚುತ್ತಲೇ ಹೋಯಿತು. ಡಾಕ್ಟರು ಹೊಸದೊಂದು ಸೂಜಿಮದ್ದು ಶುರುಮಾಡಿದರು, ಅದರಿಂದಲೂ ಹೊತ್ತು ಇಳಿಯಲಿಲ್ಲ. ನಾನು ಹೇಳಿದ ಲೆಕ್ಕ ಬರೆದುಕೊಂಡು, ಪೆನ್ನು ಮುಚ್ಚಿ, ಸುಮ್ಮನೆ ಹೊಲದ ಕಡೆ ನೋಡುತ್ತಿದ್ದರು. ದೇವಮ್ಮ ಅದನ್ನು ಬಾಗಿಲ ಸಂದಿಯಿಂದ ಕಂಡಿದ್ದಳು.

ಯುಗಾದಿ ಕಳೆದ ಮೇಲೆ ಒಂದು ದಿನ, ಹಲಗೆಯ ಮೇಲಿನ ಹಿಟ್ಟು ಅವಳ ಕೈಗೆ ಸಿಗಲೇ ಇಲ್ಲ. ಬೆರಳು ಬಾಗುತ್ತಿಲ್ಲ. ಹಬೆಗೆ ಅಂಗೈ ಕೆಂಪಾಯಿತು.

"ನರ್ಸಮ್ಮ, ನೀನೇ ಕಟ್ಬುಡವ್ವ" ಎಂದಳು ಪಿಸುದನಿಯಲ್ಲಿ. "ಅಷ್ಟ್ ದೂರದಿಂದ ಬತ್ತರೆ ಪಾಪ. ಅವ್ರ ಮೊಕ ಸಣ್ಣಗಾಯ್ತದೆ. ನಂಗ್ ನೋಡಕಾಗಕಿಲ್ಲ ಕಣವ್ವ."

ನಾನು ಗಡಿಯಾರವನ್ನು ಗೂಡಿನಲ್ಲಿಟ್ಟೆ. ಕೈ ಒದ್ದೆ ಮಾಡಿಕೊಂಡೆ. ಮುದ್ದೆ ಕಟ್ಟಿದೆ. ಹೊರಗೆ ಬಂದು, ಹಿಂದಿನ ಸಲಕ್ಕಿಂತ ಕಡಿಮೆ ಹೊತ್ತು ಹಿಡಿಯಿತೆಂದು ಒಂದು ಸುಳ್ಳು ಲೆಕ್ಕ ಹೇಳಿದೆ.

ಡಾಕ್ಟರು ಎದ್ದು ನಿಂತುಬಿಟ್ಟರು! ದೇವಮ್ಮನನ್ನು ಜಗಲಿಗೆ ಕರೆಸಿ, ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮಾಂಸ ಬಂದಿರಲಿಲ್ಲ. ಆದರೂ, "ಬಲ ಮೊದಲು ಬರುತ್ತೆ, ಮಾಂಸ ಆಮೇಲೆ" ಎಂದು ತಮಗೆ ತಾವೇ ಹೇಳಿಕೊಂಡರು. ಎಷ್ಟು ಓದಿದ್ದರೇನು, ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ನೋಡಿ. ಮುಂದಿನ ತಿಂಗಳು ಮತ್ತೆ ನಾನೇ ಕಟ್ಟಿದೆ. ಅದರ ಮುಂದಿನ ತಿಂಗಳೂ. ಒಂದು ಸುಳ್ಳಿಗೆ ಇನ್ನೊಂದನ್ನು ಊರುಗೋಲು ಕೊಡದೆ ವಿಧಿಯಿರಲಿಲ್ಲ.

ಆ ಸಲ ಚಾಮರಾಜನಗರದಲ್ಲೂ ರೋಗಿಗಳಿದ್ದರು. ಡಾಕ್ಟರ ಜೊತೆ ನಾನೂ ಹೋಗಿದ್ದೆ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಡಾಕ್ಟರು ಹಸ್ತಪ್ರತಿಯೊಂದನ್ನು ತೋರಿಸಿದರು. "ಮದರಾಸಿನಲ್ಲಿ ಡಾಕ್ಟರುಗಳ ಸಭೆ ಇದೆ ಸಿಸ್ಟರ್. ಇದನ್ನ ಓದ್ತೀನಿ. ಬೇರೆ ಕಡೆಯ ರೋಗಿಗಳಿಗೂ ಈ ಮದ್ದು ಕೊಡಿ ಅಂತ ಬರೆದಿದ್ದೀನಿ."

ನಾನು ಕಾಣದ ಎಷ್ಟೋ ಊರುಗಳ ದೇವಮ್ಮಂದಿರು ತೋಳು ಚಾಚಿ ಕೂತಂತಾಯಿತು. "ಮುದ್ದೆ ನಾನು ಕಟ್ಟಿದ್ದು ಸಾರ್" ಎಂದೆ.

ರೈಲು ಬಂದು ನಿಂತಿತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅವಳೇ ಕಟ್ಟಿದ್ದು ಕೊನೆಯ ಸಲ ಯಾವಾಗ?" ಎಂದು ಕೇಳಿ, ನಾನು ಹೇಳಿದ ತಿಂಗಳನ್ನು ಗುರುತು ಹಾಕಿಕೊಂಡು, ಆಮೇಲಿನ ಸಾಲುಗಳನ್ನೆಲ್ಲ ಹೊಡೆದುಹಾಕಿದರು. ಹತ್ತುವಾಗ ಮೆಲ್ಲಗೆ ಅಂದರು: "ನೀವು ಅವಳ ಕೈ ಮುಚ್ಚಿಟ್ಟುಬಿಟ್ರಿ ಸಿಸ್ಟರ್. ನಾನು ನೋಡಬೇಕಾಗಿದ್ದು ಅದೊಂದೇ."

ಇನ್ನು ಬರುವುದಿಲ್ಲ ಅಂದುಕೊಂಡಿದ್ದೆ. ಮುಂದಿನ ತಿಂಗಳು ಅದೇ ಕೋಟು, ಅದೇ ಬಸ್ಸು. ದೇವಮ್ಮನ ಮಾತು ಆ ಹೊತ್ತಿಗೆ ತೊದಲಲು ಶುರುವಾಗಿತ್ತು.

"ಸೂಜಿ ತರ್ನಿಲ್ವಾ ಬುದ್ಧಿ?"

"ಇಲ್ಲಮ್ಮ. ಅದು ಕೆಲಸ ಮಾಡಲಿಲ್ಲ."

"ನಂಗೊತ್ತಿತ್ತು ಬುಡಿ. ಅಂಗಾದ್ರೆ ಯಾಕ್ ಬಂದ್ರಿ?"

"ನಿಮ್ಮನ್ನ ನೋಡೋಕೆ."

ಅವಳು ಎರಡೂ ಕೈಗಳನ್ನು ಮಡಿಲಿನಿಂದ ಕಷ್ಟಪಟ್ಟು ಎತ್ತಿ ಅವರ ಮುಂದಿಟ್ಟಳು. ಅವರು ನೋಡಿದರು, ಬರೆದುಕೊಂಡರು. ಸುಗ್ಗಿಯ ಹೊತ್ತಿಗೆ ದೇವಮ್ಮ ಹೋದಳು. ಆ ದಿನ ನಾನು ಅತ್ತಷ್ಟು ನನ್ನ ತಾಯಿ ಸತ್ತಾಗಲೂ ಅಳಲಿಲ್ಲ.

ಡಾಕ್ಟರು ಆ ಕಾಯಿಲೆಯ ಹಿಂದೆಯೇ ಜನ್ಮ ಸವೆಸಿದರು. ಮದ್ದು ಸಿಗಲಿಲ್ಲ. ನಿವೃತ್ತರಾದ ಮೇಲೆ ಮೈಸೂರಿನಲ್ಲಿ ಒಮ್ಮೆ ಸಿಕ್ಕಾಗ, "ಸೋತದ್ದನ್ನೆಲ್ಲ ಸರಿಯಾಗಿ ಬರೆದಿಟ್ಟಿದ್ದೀನಿ ಸಿಸ್ಟರ್. ಮುಂದೆ ಬರೋರಿಗೆ ಅಷ್ಟಾದರೂ ಉಳೀಲಿ" ಎಂದರು. ನನಗೆ ತಲೆ ಎತ್ತಲಾಗಲಿಲ್ಲ.

ಈಗ ಉಳಿದ ಮಾತು ಹೇಳುತ್ತೇನೆ. ಕೆಲವು ತಿಂಗಳಿಂದ ನನ್ನ ಬಲಗೈಯಲ್ಲಿ ಹಿಡಿತವಿಲ್ಲ. ವಯಸ್ಸೋ, ಇನ್ನೇನೋ ತಿಳಿಯದು. ಸೊಸೆಯನ್ನು ಹಿತ್ತಲಿಗೆ ಅಟ್ಟುವುದು ಅದಕ್ಕೇ. ಅವಳ ಮುಖ ಸಣ್ಣಗಾಗುವುದನ್ನು ನೋಡಲಾರೆ. ಇವತ್ತೂ ಕಳಿಸಿದ್ದೆ. ಹಿಟ್ಟು ಹಲಗೆಯ ಮೇಲೆ ಬಿತ್ತು, ಹಬೆ ಎದ್ದಿತು, ಬೆರಳು ಬಾಗಲಿಲ್ಲ. ಆಮೇಲೆ ಹಿತ್ತಲ ಬಾಗಿಲ ಕಡೆ ತಿರುಗಿ ಕೂಗಿದೆ.

"ಬಾರಮ್ಮ ಒಳಗೆ. ಇಲ್ಲಿ ನಿಂತ್ಕೊಂಡು ನನ್ನ ಕೈ ನೋಡು. ಕಟ್ಟೋಕೆ ಬರಬೇಡ. ಎಷ್ಟು ಹೊತ್ತಾಗುತ್ತೆ ಅಂತ ಗಡಿಯಾರ ನೋಡಿ ಹೇಳು."