ಎಂಟು ದಿನ ಅಂದರೆ ಎಷ್ಟು ದಿನ?

ನಾನು ಚಿಕ್ಕವನಿದ್ದಾಗ ಒಂದೇ ಒಂದು ದಿನಕ್ಕಾಗಿ ನಮ್ಮ ಭಾವನ ಜೊತೆ ಜಗಳ ಆಡಿದ್ದೆ, ಮಕ್ಕಳೇ. ನಗಬೇಡಿ. ಆ ದಿನ ನ್ಯಾಯವಾಗಿ ನನಗೆ ಬರಬೇಕಾಗಿತ್ತು.

ನಮ್ಮ ಊರು ಚಂದಕವಾಡಿ. ಅಕ್ಕನನ್ನು ಗುಂಡ್ಲುಪೇಟೆಗೆ ಮದುವೆ ಮಾಡಿ ಕೊಟ್ಟಿದ್ದರು. ಅವಳಿಲ್ಲದ ಮನೆ ನನಗೆ ಬೇಡವಾಗಿಬಿಟ್ಟಿತ್ತು. ಅವರೆಕಾಯಿ ಕಾಲದ ಒಂದು ಸೋಮವಾರ, ದೀಪ ಹಚ್ಚುವ ಹೊತ್ತಿಗೆ ಭಾವ ಅವಳನ್ನು ಕರೆತಂದರು. "ಎಂಟು ದಿನ ಇದ್ಬುಟ್ಟು ಬರ್ಲಿ, ನಾನೇ ಬಂದು ಕರ್ಕೊಂಡೋಯ್ತೀನಿ" ಎಂದು ಹೇಳಿ ಹೋದರು.

ಶಾಲೆಯಲ್ಲಿ ಆಗತಾನೇ ದಿನಗಳನ್ನು ವಾರ ಮಾಡುವ ಲೆಕ್ಕ ಕಲಿಸಿದ್ದರು. ಏಳು ದಿನಕ್ಕೆ ಒಂದು ವಾರ. ಎಂಟು ದಿನ ಅಂದರೆ ಒಂದು ವಾರ, ಮೇಲೆ ಒಂದು ದಿನ. ಹಾಗಾದರೆ ಅಕ್ಕ ಹೊರಡುವುದು ಮುಂದಿನ ಮಂಗಳವಾರ. ಸ್ಲೇಟಿನಲ್ಲಿ ಬರೆದು ಎರಡೆರಡು ಸಲ ತಾಳೆ ನೋಡಿದ್ದೆ. ಆ ಮಂಗಳವಾರ ಹಿತಕಿದವರೆ ಸಾರು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಅವರೆಕಾಳನ್ನು ಹಿಂದಿನ ದಿನವೇ ನೀರಿಗೆ ಹಾಕಿ, ಬೆಳಿಗ್ಗೆ ಒಂದೊಂದನ್ನೇ ಬೆರಳ ನಡುವೆ ಹಿತಕಿದರೆ ಸಿಪ್ಪೆಯೊಳಗಿನ ಬೇಳೆ ಪುಳಕ್ಕನೆ ಹಾರುತ್ತದೆ. ಅಕ್ಕ ಅದನ್ನು ನನ್ನ ಮೂಗಿಗೇ ಗುರಿಯಿಟ್ಟು ಹಾರಿಸುತ್ತಿದ್ದಳು. ಅವಳ ಮದುವೆಯಾದ ಮೇಲೆ ನನ್ನ ಮೂಗಿಗೆ ಯಾರೂ ಹೊಡೆದಿರಲಿಲ್ಲ.

ಆದರೆ ಮುಂದಿನ ಸೋಮವಾರವೇ ಎದ್ದು ನೋಡಿದರೆ ಅವ್ವ ಅಕ್ಕನ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಾಳೆ. ಬಾಗಿಲ ಪಕ್ಕ ತುಂಬಿದ ಚೀಲ, ಚೀಲದಿಂದ ಕಜ್ಜಾಯದ ವಾಸನೆ.

"ಇದೇನವ್ವ?" ಎಂದೆ.

"ಇವತ್ಗೆ ಎಂಟು ದಿನ ಆಯ್ತಲ್ಲ ಕಣ್ಲಾ. ನಿಮ್ ಭಾವ ಬತ್ತಾರೆ."

ಏಳೇ ದಿನ ಆಗಿರುವುದು ಎಂದು ಕೂಗಾಡಿದೆ. ಯಾರು ಕೇಳಬೇಕು! ಸ್ಲೇಟು ಕೈಗೆ ಕೊಟ್ಟು ಶಾಲೆಗೆ ಅಟ್ಟಿದರು.

ಶಾಲೆಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ರಸ್ತೆಯಲ್ಲಿ ಹಾರನ್ ಕೇಳಿದಾಗಲೆಲ್ಲ ಭಾವ ಬರುವ ಬಸ್ಸೇ ಎಂದು ಕಿಟಕಿಯ ಕಡೆಗೆ ಕತ್ತು ಚಾಚುತ್ತಿದ್ದೆ. ಒಂದು ಸಲ ಅರಿಶಿನ ಹೇರಿದ ಲಾರಿ, ಇನ್ನೊಂದು ಸಲ ಯಾವುದೋ ಜೀಪು. ಬಸ್ಸಲ್ಲ ಎಂದು ಗೊತ್ತಾದರೂ ನೆಮ್ಮದಿಯಿಲ್ಲ, ಮುಂದಿನದು ಬಸ್ಸಾಗಿದ್ದರೆ? ಮಗ್ಗಿ ಹೇಳುವಾಗ ಏಳರ ಮಗ್ಗಿ ಅರ್ಧಕ್ಕೆ ಎಂಟರ ಮಗ್ಗಿಯಾಗಿ ಮೇಷ್ಟ್ರ ಕೈಲಿ ಕಿವಿ ಹಿಂಡಿಸಿಕೊಂಡೆ. ಊಟದ ಬೆಲ್ ಹೊಡೆದದ್ದೇ ತಡ, ಓಟ ಕಿತ್ತೆ. ಮನೆಯ ಜಗಲಿಯ ಕೆಳಗೆ ಭಾವನ ಚಪ್ಪಲಿ!

ನಾನು ನೇರ ಅಡುಗೆಮನೆಗೆ ನುಗ್ಗಿದೆ. ಮೊರದಲ್ಲಿ ಬಿಡಿಸಿಟ್ಟಿದ್ದ ಅವರೆಕಾಳನ್ನೆಲ್ಲ ನೀರಿನ ಪಾತ್ರೆಗೆ ಸುರಿದು, ಪಾತ್ರೆಯನ್ನು ತಬ್ಬಿಕೊಂಡು ಬಂದು ಭಾವನ ಮುಂದೆ ಕುಕ್ಕಿದೆ. ಅಂಗಿಯೆಲ್ಲ ಒದ್ದೆ, ಮೈಯೆಲ್ಲ ಅವರೆಯ ಸೊಗಡು.

"ಇದ್ನ ನಾಳೆ ಹಿತಕ್ಬೇಕು. ಅಕ್ಕ ಇವತ್ತು ಬರಾಕಿಲ್ಲ. ಇನ್ನೂ ಒಂದಿನ ಐತೆ" ಎಂದು ಸ್ಲೇಟು ತೋರಿಸಿದೆ.

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೋ, ಎಂಟು ದಿನ ಅಂದ್ರೆ ವಾರ ಕಣ್ಲಾ. ಸ್ವಾಮಾರದಿಂದ ಸ್ವಾಮಾರಕ್ಕೆ ಬೆಳ್ಳು ಮಡ್ಚಿ ಎಣ್ಸು."

ಮಡಚಿದೆ. ಎರಡು ಸೋಮವಾರವನ್ನೂ ಸೇರಿಸಿಕೊಂಡರೆ ಎಂಟೇ! ನಮ್ಮ ಕಡೆ ಎಲ್ಲರೂ ಎಣಿಸುತ್ತಿದ್ದದ್ದು ಹಾಗೆಯೇ, ಈ ಸಂತೆಯಿಂದ ಆ ಸಂತೆಗೆ ಎಂಟು ದಿನ. ನನಗೆ ಅಳು ಒತ್ತಿಕೊಂಡು ಬಂತು.

"ಅವತ್ತು ದೀಪ ಹಚ್ಚಿದ್ಮೇಲೆ ಬಂದ್ರಿ, ಅದ್ಯಾವ ಸೀಮೆ ದಿನ?" ಎಂದು ಅರಚಿದೆ. ಅಪ್ಪನಿಗೆ ಅಳಿಯನ ಮುಂದೆ ನಾಚಿಕೆಯಾಗಿರಬೇಕು, "ಸುಮ್ಕಿರ್ಲಾ!" ಎಂದು ಗದರಿದ. ಅಕ್ಕ ಮಾತ್ರ ಆ ಪಾತ್ರೆಯನ್ನೇ ನೋಡುತ್ತಿದ್ದಳು.

ಬಸ್ಸು ಬರುವವರೆಗೂ ಅವಳ ಚೀಲವನ್ನು ನಾನು ಬಿಡಲಿಲ್ಲ. ಅಪ್ಪ ಬೆರಳು ಬಿಡಿಸಿ ಕಿತ್ತುಕೊಳ್ಳಬೇಕಾಯಿತು. ಅಕ್ಕ ಕಿಟಕಿಯಿಂದ ಕೈ ಚಾಚಿ ನನ್ನ ಮೂಗು ಹಿಂಡಿದಳು. "ನಿನ್ ಲೆಕ್ಕವೇ ಸರಿ ಕಣ್ಲಾ. ಒಂದಿನ ಬಾಕಿ ಐತೆ, ಮರೀಬ್ಯಾಡ" ಎಂದಳು. ಅವಳ ಕಣ್ಣು ತುಂಬಿತ್ತು. ನಾನಂತೂ ರಸ್ತೆಯಲ್ಲೇ ಬಿಕ್ಕಿ ಬಿಕ್ಕಿ ಅತ್ತೆ.

ಆಮೇಲೆ ಅಕ್ಕ ತವರಿಗೆ ಬಂದಾಗಲೆಲ್ಲ ಭಾವ ಕರೆಯಲು ಬಂದರೆ, "ಇವತ್ತಿಗೆ ನಿಮ್ ಲೆಕ್ಕ, ನಾಳೀಕೆ ನನ್ ತಮ್ಮನ್ ಲೆಕ್ಕ" ಎನ್ನುತ್ತಿದ್ದಳು. ಭಾವನೂ ಒಂದು ರಾತ್ರಿ ಉಳಿದು, ಬೆಳಿಗ್ಗೆ ನಮ್ಮ ಜೊತೆ ಕೂತು ಕಾಳು ಹಿತಕುತ್ತಿದ್ದರು. ಅವರ ಗುರಿ ಒಂದೂ ಸರಿ ಇರುತ್ತಿರಲಿಲ್ಲ.

ಈಗ ನಿಮ್ಮ ಕಾಲ ನೋಡಿ. ಗೋಡೆಯ ಮೇಲೆ ಗಡಿಯಾರ, ಕೈಯಲ್ಲಿ ಗಡಿಯಾರ, ನಿಮ್ಮಪ್ಪನ ಮೊಬೈಲಿನಲ್ಲೂ ಗಡಿಯಾರ. ನಮಗೆ ಬಸ್ಸಿನ ಹಾರನ್ನೇ ಗಡಿಯಾರವಾಗಿತ್ತು. ಆದರೂ ಡಿಸೆಂಬರ್ ರಜೆಗೆ ನಿಮ್ಮನ್ನು ಮೈಸೂರಿನಿಂದ ತಂದು ಬಿಟ್ಟಾಗ ನಿಮ್ಮಪ್ಪ ಹೇಳಿದ್ದು "ಎಂಟು ದಿನ" ಎಂದೇ. ಇವತ್ತು ಬ್ಯಾಗು ತುಂಬಿಸಲು ಬಂದು ನಿಂತ. ನಿಮ್ಮಲ್ಲಿ ಚಿಕ್ಕವಳು ಅವನ ಮೊಬೈಲು ಕಿತ್ತುಕೊಂಡು, ಗುಂಡಿ ಒತ್ತಿ ಒತ್ತಿ ಗುಣಿಸಿದಳು. "ಎಂಟು ದಿನ ಅಂದ್ರೆ ನೂರ ತೊಂಬತ್ತೆರಡು ಗಂಟೆ ಅಪ್ಪಾ. ಇನ್ನೂ ನೂರ ಅರವತ್ತೆಂಟೇ ಆಗಿರೋದು!" ಎಂದು ಕಾಲು ಅಪ್ಪಳಿಸಿದಳು. ನೀವೇ ನ್ಯಾಯ ಹೇಳಿ ಎನ್ನುವಂತೆ ನಿಮ್ಮಪ್ಪ ನನ್ನ ಮುಖ ನೋಡಿದ.

ನಾನು ಎದ್ದು ಅಡುಗೆಮನೆಗೆ ಹೋಗಿ ಅವರೆಕಾಳನ್ನು ನೀರಿಗೆ ಹಾಕಿದೆ.