ಬಾಗಿಲು ತೆಗೆಸಿದವಳು ನಾನು

ಮೊಮ್ಮಗಳ ಕಾಲೇಜಿನಲ್ಲಿ ಅಂಕಿಅಂಶ ಅಂತ ಒಂದು ಪಾಠ ಇದೆ. ಅದಕ್ಕೆ ನಾಲ್ಕು ಹುಡುಗಿಯರು ಒಂದು ಗುಂಪಾಗಿ ಊರವರನ್ನು ಕೇಳಿ ಬರೆದು ತರಬೇಕಿತ್ತು. ಇವರು ಹಿಡಿದ ವಿಷಯ, ರೇಷ್ಮೆ ನೂಲು ತೆಗೆಯುವ ಹೆಂಗಸರ ಆರೋಗ್ಯ. ರಾಮನಗರದ ನಮ್ಮ ಬೀದಿಯಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಕೂತು ಗೂಡು ಬಿಚ್ಚದ ಹೆಂಗಸು ಕಡಿಮೆ. ನಾನೂ ಇಪ್ಪತ್ತು ವರ್ಷ ಬಿಚ್ಚಿದ್ದೇನೆ.

ಮೊದಲ ದಿನ ನಾಲ್ವರೇ ಹೋದರು. ಬಾಗಿಲು ತೆಗೆದವರು "ರೇಷನ್ ಕಾರ್ಡಿಗೇನವ್ವ?" ಎಂದು ಕೇಳಿ, ಅಲ್ಲ ಎಂದ ಕೂಡಲೇ ಹಾಕಿಕೊಂಡರು.

"ನೀನೇ ಬಾರಜ್ಜಿ, ನಿನ್ ಮುಖ ನೋಡಿದ್ರೆ ಮಾತಾಡ್ತಾರೆ," ಎಂದಳು ಮೊಮ್ಮಗಳು.

"ನನ್ ಮುಖ ಏನು ಆಧಾರ್ ಕಾರ್ಡಾ?" ಎಂದೆ. ಆದರೂ ಹೋದೆ.

ನಾನು ನಿಂತ ಮೇಲೆ ಬಾಗಿಲು ತೆರೆದವು, ಚಾಪೆ ಹಾಸಿದರು, ಟೀ ಬಂತು. ಮೂರು ಮನೆ ಬಿಟ್ಟು ಒಂದು ಮನೆ ಕೇಳಬೇಕು ಎಂದು ಮೇಷ್ಟ್ರು ಹೇಳಿ ಕಳಿಸಿದ್ದರಂತೆ. ನಾನು ಒಪ್ಪಲಿಲ್ಲ. "ಸಾಲಲ್ಲಿ ಒಂದು ಮನೆಗೋಗಿ ಮೂರು ಮನೆ ಬುಟ್ರೆ, ನಾಳೆ ನಲ್ಲಿ ತಾವ ನನ್ ಜೊತೆ ಜಗಳಕ್ಕೆ ಬತ್ತಾರೆ." ಅರಿಶಿನ ಕುಂಕುಮಕ್ಕೆ ಕರೆಯುವಾಗಲೂ ನಾವು ಮನೆ ದಾಟುವುದಿಲ್ಲ. ಹಾಗಾಗಿ ಎಲ್ಲ ಮನೆಗೂ ಹೋದೆವು. ಮೇಷ್ಟ್ರ ಎಣಿಕೆಯಲ್ಲಿ ನಮ್ಮ ಎದುರು ಮನೆ ಇರಲಿಲ್ಲ. ನನ್ನ ಹಟದಿಂದ ಸೇರಿತು.

ಹಾಳೆಯಲ್ಲಿ ಹೆಸರು ಬರೆಯುವಂತಿರಲಿಲ್ಲ. ಪ್ರತಿ ಬಾಗಿಲಲ್ಲೂ ನಾನೇ ಹೇಳಿದೆ, "ಹೆಸ್ರು ಬರ್ಯಾಕಿಲ್ಲ, ಯಾರ್ಗೂ ಗೊತ್ತಾಗಾಕಿಲ್ಲ, ನಾನಿವ್ನಿ." ನಾಲ್ಕು ಮನೆ ಆಗುವಷ್ಟರಲ್ಲಿ ಯಾವ ಹಾಳೆ ಯಾರದ್ದು ಎಂದು ಹುಡುಗಿಯರಿಗೆ ಗೊಂದಲವಾಯಿತು. "ಹಿಂದ್ಗಡೆ ಒಂದು ಗುರುತು ಹಾಕ್ಕೊಳ್ರೇ," ಎಂದವಳೂ ನಾನೇ. ನಮ್ಮಲ್ಲಿ ಮನೆ ನಂಬರು ಯಾರಿಗೂ ಬೇಕಿಲ್ಲ. ಹಸಿರು ಗೇಟು, ಕುಂಟು ನಾಯಿ, ಅವಳಿ ಮಕ್ಕಳು ಎಂದರೆ ಸಾಕು. ಹಾಗೆಯೇ ಬರೆದುಕೊಂಡರು.

ಎದುರು ಮನೆಯವಳು ನನಗಿಂತ ಹದಿನೈದು ವರ್ಷ ಚಿಕ್ಕವಳು. ಅವಳ ರಂಜಾನಿನ ಪಾಯಸ ನಮ್ಮ ಮನೆಗೆ, ನಮ್ಮ ಯುಗಾದಿಯ ಒಬ್ಬಟ್ಟು ಅವಳ ಮನೆಗೆ. ಉಸಿರಾಟದ ತೊಂದರೆ ಇದೆಯೇ ಎಂದು ಮೊಮ್ಮಗಳು ಓದಿದಾಗ ಅವಳು ನನ್ನ ಕಡೆ ನೋಡಿದಳು.

"ಹೇಳೇ, ಹೆಸ್ರಿಲ್ಲ," ಎಂದೆ.

"ಎರಡು ವರ್ಷ ಆಯ್ತು ಅಕ್ಕಾ. ಆ ಹಬೆಗೆ ಎದೆ ಕಟ್ಕೊಳ್ತದೆ. ಬಾತ್ರೂಮಿಗೆ ಹೋಗಿ ಉಸಿರಿನ ಪಂಪು ಎಳ್ಕೊಂಡು ಬಂದು ಕೂರ್ತೀನಿ. ಮಾಲೀಕ್ರಿಗೆ ಗೊತ್ತಾದ್ರೆ ನಾಳೆಯಿಂದ ಬರಬೇಡ ಅಂತಾರೆ."

ಮೊಮ್ಮಗಳು ಅಷ್ಟನ್ನೂ ಬರೆದುಕೊಂಡಳು. ಹಾಳೆಯ ಹಿಂದುಗಡೆ ಗುರುತು: ಎರಡು ಮೇಕೆ, ಎಡಗೈ ಮೇಲೆ ಸುಟ್ಟ ಕಲೆ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಅವಳು ಕೆಲಸಕ್ಕೆ ಹೋಗದೆ ಬಾಗಿಲಲ್ಲಿ ಕೂತಿದ್ದಾಳೆ.

"ಯಾಕೆ, ಹೋಗ್ಲಿಲ್ವಾ?"

"ಯಾಕೆ ಅಂತ ನೀವೇ ಹೇಳಿ ಅಕ್ಕಾ." ಮಾಲೀಕರು ಒಳ್ಳೆಯ ಮಾತಿನಲ್ಲೇ ಹೇಳಿದ್ದರಂತೆ, ಎದೆ ಕಟ್ಟೋವ್ರು ಯಾಕಮ್ಮಾ ಹಬೇಲಿ ಕೂರ್ತೀರಾ, ಮನೇಲಿರಿ, ಬೇರೆಯವ್ಳು ಬಂದವ್ಳೆ ಅಂತ. "ಬಾತ್ರೂಮಿನ ವಿಷ್ಯಾನೂ ಅಂದ್ರು. ಅದನ್ನ ನಿಮ್ಮ ಮುಂದೆ ಬಿಟ್ರೆ ನಾನು ಎಲ್ಲೂ ಬಾಯಿ ಬಿಟ್ಟಿಲ್ಲ."

ನಾನು ಸೀದಾ ಮನೆಗೆ ಬಂದೆ. ಮೊಮ್ಮಗಳು ತಿಂಡಿ ತಿನ್ನುತ್ತಿದ್ದಳು.

"ಹಾಳೆ ಯಾರ ಕೈಗ್ ಕೊಟ್ಟೆ?"

ತಟ್ಟೆ ನೋಡುತ್ತಲೇ ಹೇಳಿದಳು. ಮಾಲೀಕರನ್ನೂ ಕೇಳಿ ಬನ್ನಿ ಎಂದು ಮೇಷ್ಟ್ರು ಕಳಿಸಿದ್ದರು. ಏನು ಕೆಲಸ ಮಾಡ್ತಿದ್ದೀರಿ ತೋರಿಸಿ ಎಂದು ಮಾಲೀಕರು ಕೇಳಿದಾಗ ಗುಂಪಿನ ಒಬ್ಬಳು ಫೈಲನ್ನೇ ಕೊಟ್ಟಳು. ಅವರು ಒಂದೊಂದೇ ಹಾಳೆ ತಿರುವಿ ಹಿಂದಿನ ಗುರುತನ್ನೂ ಓದಿದರು.

"ನೀನಿದ್ಯಾ ಅಲ್ಲಿ?"

"ಇದ್ದೆ. ದೊಡ್ಡೋರ ಕೈಯಿಂದ ಕಿತ್ಕೊಳ್ಳಕ್ಕಾಗುತ್ತಾ ಅಜ್ಜಿ?"

"ಯಾವತ್ತು?"

"ಹೋದ ಬುಧವಾರ."

ಒಂದು ವಾರ. ಮಾಲೀಕರು ಬೇರೆ ಕೆಲಸದವಳು ಸಿಗುವವರೆಗೆ ಕಾದದ್ದು ಆ ವಾರವೇ. ಅವತ್ತೇ ನನ್ನ ಕಿವಿಗೆ ಹಾಕಿದ್ದರೆ, ಅದೇ ಮಾಲೀಕರ ಅಪ್ಪನ ಕಾಲದಲ್ಲಿ ದುಡಿದವಳು ನಾನು, ಹೋಗಿ ಕೇಳುತ್ತಿದ್ದೆ.

"ಯಾಕ್ ಹೇಳ್ಲಿಲ್ಲ?"

"ಪ್ರಾಜೆಕ್ಟ್ ಕೊಡೋದು ಸೋಮವಾರ ಇತ್ತು. ನೀನು ಬೀದೀಲಿ ಕೂಗಾಡಿದ್ರೆ ಎಲ್ಲಾರೂ ಹಾಳೆ ವಾಪಸ್ ಕೇಳ್ತಾರೆ ಅಂತ ಸುಮ್ನಾದೆ."

ಫೈಲು ಕೊಟ್ಟದ್ದು ದಡ್ಡತನ. ಇದು ಹಾಗಲ್ಲ. ಇದನ್ನು ಅವಳು ಕೂತು ಯೋಚನೆ ಮಾಡಿದ್ದಾಳೆ. ಆ ವಾರವೆಲ್ಲ ನನ್ನ ಕೈಯಿಂದ ಮುದ್ದೆ ಹಾಕಿಸಿಕೊಂಡು ತಿಂದು, ಎದುರು ಮನೆಯವಳಿಗೆ ದಿನವೂ ನಗು ತೋರಿಸಿಕೊಂಡು ಬಸ್ಸಿಗೆ ಹೋಗಿದ್ದಾಳೆ. ಓದು ಕಲಿತವಳು, ಲೆಕ್ಕ ಸರಿಯಾಗಿಯೇ ಹಾಕಿದ್ದಳು. ನಾನು ಕೂಗಾಡುತ್ತಿದ್ದೆ, ನಿಜ.

ಅವಳ ರಟ್ಟೆ ಹಿಡಿದು ಎದುರು ಮನೆಗೆ ಕರೆದುಕೊಂಡು ಹೋದೆ. "ಸಾರಿ ಆಂಟಿ," ಎಂದಳು. "ಬಿಡಮ್ಮಾ, ನೀನು ಓದೋ ಹುಡ್ಗಿ," ಎಂದಳು ಅವಳು. ಗುರುತು ಹಾಕಲು ಹೇಳಿದ್ದು ನಾನು ಎಂದೆ. ಅವಳು ಎದ್ದು ಮೇಕೆಗೆ ಸೊಪ್ಪು ಹಾಕಲು ಹೋದಳು.

ಮಾಲೀಕರ ಹತ್ತಿರವೂ ಹೋದೆ. ಕುರ್ಚಿ ಹಾಕಿಸಿದರು, ಕೆಲಸ ವಾಪಸು ಕೊಡಲಿಲ್ಲ. ಮೊಮ್ಮಗಳಿಗೆ ಒಳ್ಳೆ ಮಾರ್ಕ್ಸು ಬಂತು. ನಾನು ಕೇಳಲಿಲ್ಲ, ಅವಳೇ ಹೇಳಿದಳು.

ಈಗ ಎದುರು ಮನೆಯವಳು ಏಳು ಗಂಟೆಗೆ ಬುತ್ತಿ ಹಿಡಿದು ಹೊರಡುತ್ತಾಳೆ. ಮೊನ್ನೆ ಬಸ್ ಸ್ಟಾಪಿನಲ್ಲಿ ಸಿಕ್ಕಿದಳು.

"ಕೆಲ್ಸ ಸಿಕ್ತಾ? ಎಲ್ಲಿ?"

"ಇಲ್ಲೇ ಅಕ್ಕಾ."

"ಇಲ್ಲೇ ಅಂದ್ರೆ?"

"ಇಲ್ಲೇ ಒಂದ್ಕಡೆ."

ಚನ್ನಪಟ್ಟಣದ ಬಸ್ಸು ಬಂದು ಹೋಯಿತು. ಮಾಗಡಿಯದು ಬಂದು ಹೋಯಿತು. ಕನಕಪುರದ್ದೂ ಹೋಯಿತು. ನಾನು ನಿಂತಿದ್ದಷ್ಟು ಹೊತ್ತೂ ಅವಳು ಯಾವುದನ್ನೂ ಹತ್ತಲಿಲ್ಲ. ಕೆಲಸಕ್ಕೆ ಹೊತ್ತಾಗುತ್ತಿದೆ ಎಂದು ಅವಳ ಮುಖದಲ್ಲೇ ಕಾಣುತ್ತಿತ್ತು. ನಾನೇ ತಿರುಗಿ ಮನೆ ಕಡೆ ನಡೆದೆ.