ತುದಿಯಮ್ಮನನ್ನು ನೋಡಿದ ದಿನ

ನನ್ನ ದೊಡ್ಡಮ್ಮ ದುಡಿಯುವ ವಯಸ್ಸನ್ನೆಲ್ಲ ಒಂದೇ ಕುರ್ಚಿಯಲ್ಲಿ, ಒಂದೇ ಗೋಡೆಗೆ ಮುಖ ಮಾಡಿ ಕೂತು ಕಳೆದವಳು. ಗೋಡೆ ಅಂದರೆ ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡು. ಗುಡ್ಡದ ಮೇಲಿದ್ದ ನಮ್ಮೂರಿನ ಅಂಚೆ ಕಚೇರಿಯ ಹಿಂದೆ ಒಂದು ಉದ್ದನೆಯ ಕೋಣೆಯಿತ್ತು. ಬೋರ್ಡು ಆ ಕೋಣೆಯನ್ನು ಅರ್ಧ ನುಂಗಿತ್ತು. ಅದರ ಮೈತುಂಬ ತೂತು, ಒಂದೊಂದು ತೂತಿನ ಮೇಲೂ ಕಾಳಿನಷ್ಟು ದೀಪ. ದೀಪ ಹತ್ತಿದರೆ ದೊಡ್ಡಮ್ಮ ವಯರಿನ ಪ್ಲಗ್ಗು ಚುಚ್ಚಿ, ತೆಳ್ಳನೆಯ ದನಿಯಲ್ಲಿ "ಹೇಳಿ" ಅನ್ನುತ್ತಿದ್ದಳು. ಕೆಲಸ ಮುಗಿಸಿ ಮನೆಗೆ ಬಂದಾಗಲೂ ಹೆಡ್‌ಸೆಟ್ಟು ಕೂತ ಜಾಗದಲ್ಲಿ ಅವಳ ಕೂದಲು ಗೆರೆ ಎಳೆದಂತೆ ತಗ್ಗಿರುತ್ತಿತ್ತು. ಚಿಕ್ಕವಳಿದ್ದಾಗ ನಾನು ಅವಳ ತೊಡೆಯೇರಿ ಆ ಗೆರೆಯಲ್ಲಿ ಬೆರಳಾಡಿಸುತ್ತಿದ್ದೆ.

ಅವಳ ಬೋರ್ಡಿನ ಕೆಳಸಾಲು ಪೂರ್ತಿ ಕಡಲ ದಂಡೆಯ ಊರುಗಳದು. ಆ ಊರುಗಳಿಗೆ ಯಾರೇ ಟ್ರಂಕ್ ಕಾಲ್ ಮಾಡಲಿ, ಅಲ್ಲಿಂದ ಯಾರೇ ಮಾಡಲಿ, ದೊಡ್ಡಮ್ಮನ ಕೈ ದಾಟಿಯೇ ಹೋಗಬೇಕು. ಆಪರೇಟರುಗಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಬಂದರಿನಲ್ಲಿ ಕೂತವನು ಬಂದರು, ಲೈಟ್‌ಹೌಸಿನ ಕೆಳಗೆ ಕೂತವನು ಲೈಟ್‌ಹೌಸ್. ನೆಲ ಮುಗಿದು ಮೂರು ಕಡೆ ನೀರೇ ಇರುವ ಕಟ್ಟಕಡೆಯ ಊರಿನ ಹೆಂಗಸು ತುದಿ. ನಮ್ಮ ದೊಡ್ಡಮ್ಮ ಅವರಿಗೆಲ್ಲ ಗುಡ್ಡ.

"ಹಲೋ ಗುಡ್ಡ, ತುದಿ ಮಾತಾಡ್ತಿರೋದು. ಲೈನು ಖಾಲಿನಾ?"

"ಖಾಲಿ. ಹೇಳು."

ಮಧ್ಯಾಹ್ನ ಊರೆಲ್ಲ ಉಂಡು ಮಲಗಿರುವ ಹೊತ್ತಿನಲ್ಲಿ ಇಬ್ಬರೂ ಹೀಗೆ ಶುರು ಮಾಡುತ್ತಿದ್ದರಂತೆ. ತುದಿಯಮ್ಮನದು ಗಂಡಸಿನಂಥ ದಪ್ಪ ದನಿ. ಮೊದಲ ಸಲ ಕೇಳಿದಾಗ ದೊಡ್ಡಮ್ಮ "ಹೇಳಿ ಸರ್" ಅಂದಿದ್ದಳು. ಆ ಕಡೆಯಿಂದ ನಗು ಬಂತು, ಸ್ನೇಹ ಅಲ್ಲಿಂದ. ಅತ್ತೆಯ ಕಾಟ, ಮೇಲಧಿಕಾರಿಯ ಸಿಡುಕು, ಬಸಿರು, ಬಾಣಂತನ, ಹಲ್ಲುನೋವು, ಏನೇ ಬಂದರೂ ಅದೇ ತಂತಿಯ ಮೇಲೆ ಹರಿಯಿತು. ದೊಡ್ಡಮ್ಮ ಸಮುದ್ರವನ್ನೇ ಕಂಡವಳಲ್ಲ ಎಂದು ಗೊತ್ತಾದ ದಿನ ತುದಿಯಮ್ಮ ಹೆಡ್‌ಸೆಟ್ಟನ್ನು ಕಿಟಕಿಯ ಆಚೆ ಹಿಡಿದು ಅಲೆಯ ಸದ್ದು ಕೇಳಿಸಿದಳಂತೆ. "ಸೊರ್ ಅನ್ನೋ ಸದ್ದು. ಲೈನು ಕೆಟ್ಟಿದೆ ಅಂದ್ಕೊಂಡೆ," ಎಂದು ದೊಡ್ಡಮ್ಮ ಹೇಳಿ ನಗುತ್ತಿದ್ದಳು.

ಅವಳು ನಗದೆ ಹೇಳುತ್ತಿದ್ದ ಕಥೆಯೂ ಒಂದಿತ್ತು. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬಿರುಗಾಳಿ ಎದ್ದಿತು. ತುದಿಯೂರಿನ ಮೀನುಗಾರರ ದೋಣಿಗಳೆಲ್ಲ ಆಗಲೇ ನೀರಿಗಿಳಿದಿದ್ದವು. ತಿರುಗಿ ತಮ್ಮೂರಿಗೆ ಬರಲಾಗದೆ ಅವು ಬಂದರಿನ ಕಡೆ ಹೋಗಿರಬೇಕು ಎಂದು ಊರವರ ಊಹೆ. ತುದಿಯಿಂದ ಬಂದರಿಗೆ ನೇರ ಲೈನಿರಲಿಲ್ಲ, ಗುಡ್ಡದ ಮೇಲಿಂದಲೇ ಸುತ್ತಿ ಬರಬೇಕು. ತುದಿಯ ಎಕ್ಸ್‌ಚೇಂಜಿನ ಬಾಗಿಲಲ್ಲಿ ಹೆಂಗಸರು ಒತ್ತಿಕೊಂಡು ನಿಂತರು. ಒಂದೊಂದು ದೋಣಿ ಬಂದರು ಸೇರಿದ ಹಾಗೆಲ್ಲ ಬಂದರಿನವನು ಗುಡ್ಡಕ್ಕೆ ಹೇಳುವುದು, ಗುಡ್ಡ ತುದಿಗೆ ಹೇಳುವುದು, ತುದಿಯಮ್ಮ ಬಾಗಿಲ ಕಡೆ ತಿರುಗಿ ಕೂಗುವುದು. "ಅಣ್ಣತಮ್ಮಂದಿರ ದೋಣಿ ಬಂತು." "ನೀಲಿ ಪಟ್ಟಿ ದೋಣಿ ಬಂತು, ಎಲ್ಲರೂ ಇದ್ದಾರೆ." ದೊಡ್ಡಮ್ಮ ಊಟಕ್ಕೂ ಏಳಲಿಲ್ಲ. ಕತ್ತಲಾಗುವ ಮುಂಚೆ ಕೊನೆಯ ದೋಣಿಯೂ ಬಂದು ಸೇರಿತು. ಆಗ ತುದಿಯಮ್ಮ ಏನೂ ಕೂಗಲಿಲ್ಲ. ತಂತಿಯಲ್ಲಿ ಬರೀ ಉಸಿರು ಕೇಳಿಸಿತು.

"ಯಾಕೆ, ಏನಾಯ್ತು?" ಎಂದಳು ದೊಡ್ಡಮ್ಮ.

"ಅದರಲ್ಲಿ ನಮ್ಮವರಿದ್ರು."

"ಬೆಳಿಗ್ಗೆಯಿಂದ ಒಂದು ಮಾತು ಹೇಳ್ಲಿಲ್ಲವಲ್ಲ ನೀನು. ಬಂದರಿನವನಿಗೆ ಮೊದಲು ಅದನ್ನೇ ಕೇಳ್ತಿದ್ದೆ."

"ಅಷ್ಟು ಜನ ನನ್ನ ಮುಂದೆ ನಿಂತಿದ್ರು. ಹೇಗೆ ಕೇಳಲಿ?"

ಇಷ್ಟಾದರೂ ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಆಗ ದಂಡೆಯ ರಸ್ತೆಗೆ ಸೇತುವೆಗಳಿರಲಿಲ್ಲ, ಹೊಳೆಗೊಂದು ದೋಣಿ ಹತ್ತಿ ಇಳಿದು ಹೋಗಬೇಕು. ಇವಳಿಗೆ ರಜೆ ಸಿಕ್ಕರೆ ಅವಳಿಗಿಲ್ಲ. ಗಡಿಯಾರ ರಿಪೇರಿಯ ದೊಡ್ಡಪ್ಪನಿಗೆ ಬಸ್ಸೆಂದರೆ ವಾಂತಿ, ಅಂಗಡಿ ಬಿಟ್ಟು ಕದಲುವ ಆಸಾಮಿಯಲ್ಲ. "ಮುಂದಿನ ಬೇಸಿಗೆಗೆ" ಎನ್ನುತ್ತಲೇ ಬೇಸಿಗೆಗಳು ಕಳೆದವು. ಆಮೇಲೆ ಜನ ತಾವೇ ನಂಬರು ತಿರುಗಿಸಿ ಮಾತಾಡುವ ಯಂತ್ರ ಬಂತು. ಬೋರ್ಡನ್ನು ಬಿಚ್ಚಿ ಲಾರಿಗೆ ಹಾಕಿದರು. ತುದಿಯ ಎಕ್ಸ್‌ಚೇಂಜು ಇನ್ನೂ ಮೊದಲೇ ಮುಚ್ಚಿತ್ತು. ಆಗ ಇಬ್ಬರ ಮನೆಯಲ್ಲೂ ಫೋನಿರಲಿಲ್ಲ, ಮಾತು ಅಲ್ಲಿಗೇ ಕಡಿಯಿತು. ದೊಡ್ಡಮ್ಮನನ್ನು ಬಿಲ್ಲು ಕಟ್ಟಿಸಿಕೊಳ್ಳುವ ಕಿಟಕಿಗೆ ಹಾಕಿದರು, ಅಲ್ಲಿಂದಲೇ ನಿವೃತ್ತಳಾದಳು. ದೊಡ್ಡಪ್ಪನೂ ಹೋದ. ಮಾತಿನ ಮಲ್ಲಿಯಾಗಿದ್ದವಳು ಕೇಳಿದ್ದಕ್ಕಷ್ಟೇ ಉತ್ತರ ಕೊಡುವಂತಾದಳು.

ನಾನು ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿಗೆ ಒಂದು ದಿನ ಒಂದು ಕರಪತ್ರ ಅಚ್ಚಿಗೆ ಬಂತು. "ಕಡಲ ದಂಡೆಯುದ್ದಕ್ಕೂ ಒಂದು ದಿನ. ಗಾಡಿಯಲ್ಲಿ ಕೆಲವೇ ಜನ. ಗೈಡ್ ಜೊತೆಗಿರುತ್ತಾರೆ." ಕೆಳಗೆ ನಿಲ್ಲುವ ಜಾಗಗಳು: ಬಂದರು, ಲೈಟ್‌ಹೌಸ್, ಉಪ್ಪಿನ ಮಡಿಗಳು, ಭೂಶಿರದ ಊರು. ಭೂಶಿರದ ಊರು ಅಂದರೆ ತುದಿ. ಶಾಯಿ ಆರುವ ಮುಂಚೆಯೇ ನಾನು ಎರಡು ಸೀಟು ಹೇಳಿದೆ.

"ಈ ವಯಸ್ಸಲ್ಲಿ ನನಗ್ಯಾಕೆ ಮೆರವಣಿಗೆ?" ಎಂದು ದೊಡ್ಡಮ್ಮ ಮೂಗು ಮುರಿದಳು. ಹಾಗೆಂದವಳು ಹೊರಡುವ ದಿನ ನನಗಿಂತ ಮೊದಲೇ ಎದ್ದು, ಚಪ್ಪಲಿ ಮೆಟ್ಟಿ, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಗಾಡಿ ಸಣ್ಣದು, ಜನರೂ ಬೆರಳೆಣಿಕೆಯಷ್ಟು. ಹೊಸದಾಗಿ ಮದುವೆಯಾದ ಒಂದು ಜೋಡಿ, ಕ್ಯಾಮೆರಾ ಕೊರಳಿಗೆ ಹಾಕಿಕೊಂಡಿದ್ದ ಒಬ್ಬ ಹಲ್ಲಿನ ಡಾಕ್ಟರು, ಇನ್ನೊಂದು ಸಂಸಾರ. ಗೈಡ್ ನಡುವಯಸ್ಸಿನ ಹೆಂಗಸು, ಕೆಂಪು ಜಾಕೆಟ್ಟು, ಮೈಕಿಲ್ಲದೆಯೂ ಹಿಂದಿನ ಸೀಟಿಗೆ ಮುಟ್ಟುವ ಗಂಟಲು. ತಿರುವು ಬಂದಾಗಲೆಲ್ಲ "ಎಡಗಡೆ ನೋಡಿ, ನೋಡದಿದ್ರೆ ದುಡ್ಡು ವಾಪಸ್ ಇಲ್ಲ" ಅನ್ನುತ್ತಿದ್ದಳು. ಗುಡ್ಡ ಇಳಿದು ಮರಗಳು ಸರಿದು ನೀರು ಕಂಡಾಗ ಎಲ್ಲರೂ ಎಡಗಡೆಗೆ ವಾಲಿದರು. ದೊಡ್ಡಮ್ಮ ಮಾತ್ರ ತನ್ನ ಪಕ್ಕದ ಗಾಜು ಸರಿಸಿ ಕಿವಿ ಅತ್ತ ಕೊಟ್ಟಳು.

ಬಂದರಿನಲ್ಲಿ ಇಳಿದಾಗಲೂ ಅಷ್ಟೆ. ಬಣ್ಣಬಣ್ಣದ ದೋಣಿ, ಒಣಹಾಕಿದ ಬಲೆ, ಹಕ್ಕಿಗಳ ಹಿಂಡು, ಎಲ್ಲರೂ ಫೋಟೋ ಹೊಡೆಯುತ್ತಿದ್ದರೆ ಇವಳು ಒಂದು ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿದಳು.

"ಅಮ್ಮ, ನೋಡೋಕೆ ಬಂದು ಕಣ್ಣು ಮುಚ್ಕೊಂಡ್ರೆ ಹೇಗೆ? ತಲೆ ಸುತ್ತುತ್ತಾ?" ಗೈಡ್ ಹತ್ತಿರ ಬಂದು ಕೇಳಿದಳು.

"ಇಲ್ಲಮ್ಮ. ಈ ಬಂದರಿನವನ ದನಿ ಹಿಂದೆ ಯಾವಾಗಲೂ ಕಬ್ಬಿಣ ಬಡಿಯೋ ಸದ್ದು ಬರ್ತಿತ್ತು. ಎಲ್ಲಿಂದ ಅಂತ ನೋಡ್ತಿದ್ದೆ."

ಗೈಡ್‌ಗೆ ತಲೆಬುಡ ಗೊತ್ತಾಗಲಿಲ್ಲ. ಮತ್ತೆ ಗಾಡಿ ಹತ್ತಿದ ಮೇಲೆ ನಾನು ವಿಷಯ ಹೇಳಿದೆ. ಅವಳು ನಮ್ಮ ಮುಂದಿನ ಸೀಟಿಗೇ ಬಂದು ಕೂತು, ಹಿಂದಕ್ಕೆ ತಿರುಗಿ ದೊಡ್ಡಮ್ಮನನ್ನು ಒಂದೊಂದಾಗಿ ಕೇಳತೊಡಗಿದಳು. ದೊಡ್ಡಮ್ಮ ಬಾಯಿ ಬಿಟ್ಟಳು. ಲೈಟ್‌ಹೌಸಿನವನು ಮಾತಿನ ಮಧ್ಯೆ ಸೀನುತ್ತಿದ್ದದ್ದು, ಉಪ್ಪಿನ ವ್ಯಾಪಾರಿಗಳು ಫೋನಿನಲ್ಲೇ ಕಿತ್ತಾಡುತ್ತಿದ್ದದ್ದು, ಬಿರುಗಾಳಿಯ ದಿನ. ಅದನ್ನು ಹೇಳುವಾಗ ಮುಂದಿನ ಸೀಟಿನವರೆಲ್ಲ ಹಿಂದಕ್ಕೆ ತಿರುಗಿದರು. ಹಲ್ಲಿನ ಡಾಕ್ಟರು ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡು ಕೇಳಿದರು. ಎಷ್ಟೋ ವರ್ಷಗಳ ಮೇಲೆ ಅವಳ ಮಾತು ಹಾಗೆ ಹರಿದದ್ದನ್ನು ಕೇಳಿ ನನಗೆ ಚಿಕ್ಕವಳಿದ್ದಾಗ ಈ ಕಥೆಗಳನ್ನು ಕೇಳುತ್ತಿದ್ದ ಅಡಿಗೆಮನೆಯ ಬೆಳಕೆಲ್ಲ ನೆನಪಾಯಿತು.

ಭೂಶಿರದ ಊರು ತಲುಪಿದಾಗ ಬಿಸಿಲು ಇಳಿಮುಖವಾಗಿತ್ತು. ಬಂಡೆಯ ತುದಿಗೆ ಹೋಗುವ ಕಾಲುದಾರಿಯ ಪಕ್ಕದಲ್ಲೇ ಹಳೆಯ ಎಕ್ಸ್‌ಚೇಂಜು. ಈಗ ಅದು ಐಸ್‌ಕ್ರೀಮಿನ ಅಂಗಡಿ. ದೊಡ್ಡಮ್ಮ ಅದರ ಒಂದೇ ಒಂದು ಕಿಟಕಿಯ ಮುಂದೆ ನಿಂತು ಒಮ್ಮೆ ಕಿಟಕಿ, ಒಮ್ಮೆ ನೀರು ನೋಡಿದಳು. ಕಟ್ಟಡ ಇದ್ದರೆ ಸಾಕು ಎಂದುಕೊಂಡೇ ಅವಳು ಮನೆಯಿಂದ ಹೊರಟಿದ್ದಳು. ಗೈಡ್ ಸುಮ್ಮನಿರಲಿಲ್ಲ, ಅಂಗಡಿಯವಳನ್ನು ವಿಚಾರಿಸಿದಳು.

"ಆಪರೇಟರಮ್ಮನಾ? ಇದೇ ಮೇಲಿನ ಓಣಿ, ಹಸಿರು ಬಾಗಿಲು. ಈಗಷ್ಟೇ ಬ್ರೆಡ್ ತಗೊಂಡು ಹೋದ್ರು."

ದೊಡ್ಡಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. "ಬೇಡ. ಗಾಡಿ ಹೊರಟುಬಿಡುತ್ತೆ," ಎಂದಳು.

"ಗಾಡಿ ನಾನು ಹೇಳಿದಾಗ ಹೊರಡುತ್ತೆ. ನೀವು ನಡೀರಿ," ಎಂದು ಗೈಡ್ ಅವಳ ಕೈಹಿಡಿದಳು.

ಹಸಿರು ಬಾಗಿಲು ತೆರೆದದ್ದು ದೊಡ್ಡಮ್ಮನ ಭುಜಕ್ಕೂ ಬಾರದ ಒಂದು ಪುಟ್ಟ ಮುದುಕಿ. ಬಿಳಿಯ ತಲೆ, ಕೈಯಲ್ಲಿ ಬ್ರೆಡ್ ಕತ್ತರಿಸುತ್ತಿದ್ದ ಚಾಕು. ದೊಡ್ಡಮ್ಮ ಬೋರ್ಡಿನ ಮುಂದೆ ಕೂತವಳಂತೆ "ಗುಡ್ಡ," ಎಂದಳು, ಅಷ್ಟೇ.

ಮುದುಕಿಯ ಚಾಕು ಕೆಳಗಿಳಿಯಿತು. ಅವಳು ದೊಡ್ಡಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆ ಸಣ್ಣ ದೇಹದೊಳಗಿಂದ ದಪ್ಪ ದನಿ ಬಂತು. "ನೀವಾ? ಇಷ್ಟು ದಪ್ಪಗಿದ್ದೀರಾ?"

"ನೀವು ಎತ್ತರ ಇದ್ದೀರಿ ಅಂದ್ಕೊಂಡಿದ್ದೆ," ಎಂದಳು ದೊಡ್ಡಮ್ಮ.

ತುದಿಯಮ್ಮ ಒಳಗೆ ಕರೆದು ಕೂರಿಸಿದಳು. ಮುಂದಿನ ಕೋಣೆಯಲ್ಲಿ ಎರಡು ಬೆತ್ತದ ಕುರ್ಚಿ, ಒಂದು ಮಂಚ, ಗೋಡೆಯ ಮೇಲೆ ದೋಣಿಯ ಮುಂದೆ ನಿಂತ ಗಂಡಸಿನ ಫೋಟೋ. ಇಬ್ಬರೂ ಎದುರುಬದುರು ಕೂತರು. ತಂತಿಯ ಮೇಲೆ ಅಷ್ಟು ವರ್ಷ ನೀನು ನೀನು ಎಂದವರು ಈಗ ನೀವು ತಾವು ಎಂದು ಉಪಚಾರ ಹೇಳತೊಡಗಿದರು.

"ದಾರಿಯಲ್ಲಿ ಏನೂ ತೊಂದ್ರೆ ಆಗ್ಲಿಲ್ಲ ತಾನೇ?"

"ಇಲ್ಲ, ಸೇತುವೆ ಆಗಿದೆಯಲ್ಲ."

"ಹೌದು, ಈಗ ಸೇತುವೆ ಇದೆ. ಊಟ ಆಯ್ತಾ ನಿಮ್ದು?"

"ಆಯ್ತು."

ಯಾಕಾದರೂ ಕರೆತಂದೆನೋ, ಇವಳ ಬಳಿ ಇದ್ದ ಒಂದು ಒಳ್ಳೆಯ ನೆನಪನ್ನೂ ಕೆಡಿಸಿದೆನೇನೋ ಅನ್ನಿಸಿತು. ತುದಿಯಮ್ಮ "ಚಹಾ ಮಾಡ್ತೀನಿ" ಎಂದು ಎದ್ದು ಅಡಿಗೆಮನೆಗೆ ಹೋದಳು. ನಡುವೆ ಒಂದು ಗೋಡೆ. ಪಾತ್ರೆ ಇಟ್ಟ ಸದ್ದು, ಕಡ್ಡಿ ಗೀರಿದ ಸದ್ದು. ಆಮೇಲೆ ಗೋಡೆಯಾಚೆಯಿಂದ ಆ ದನಿ ಕೇಳಿತು.

"ಹಲೋ ಗುಡ್ಡ. ಸಕ್ಕರೆ ಎಷ್ಟು ಹಾಕಲಿ?"

ದೊಡ್ಡಮ್ಮನ ಬೆನ್ನು ನೆಟ್ಟಗಾಯಿತು. ಅವಳು ಗೋಡೆಯ ಕಡೆಗೆ ತಿರುಗಿ ಕೂತಳು.

"ಹಲೋ ತುದಿ. ಒಂದೂವರೆ ಚಮಚ. ನೀನು ಇನ್ನೂ ಸಕ್ಕರೆ ಇಲ್ಲದೇ ಕುಡೀತೀಯಾ?"

"ಹೂಂ. ನಮ್ಮತ್ತೆ ಮಾಡಿದ ಅಭ್ಯಾಸ. ಅವರು ಹೋದ್ರು, ಅಭ್ಯಾಸ ಹೋಗ್ಲಿಲ್ಲ."

"ನಿಮ್ಮವರು?"

"ಹೋದ್ರು. ಅಷ್ಟು ವರ್ಷ ಸಮುದ್ರಕ್ಕೆ ಹೋದ ಮನುಷ್ಯ, ಸಮುದ್ರ ಏನೂ ಮಾಡ್ಲಿಲ್ಲ. ಬಚ್ಚಲಲ್ಲಿ ಜಾರಿಬಿದ್ರು. ನಿನ್ನ ಗಡಿಯಾರದವರು?"

"ನಿದ್ದೆಯಲ್ಲೇ. ಅಂಗಡಿಯಲ್ಲಿ ರಿಪೇರಿಗೆ ಬಂದಿದ್ದ ಗಡಿಯಾರಗಳನ್ನೆಲ್ಲ ನಾನೇ ಮನೆಮನೆಗೆ ತಲುಪಿಸಿದೆ. ಒಬ್ಬೊಬ್ಬರ ಮನೇಲೂ ಅಳು."

"ಅವತ್ತು ನನಗೆ ಹೇಳೋಕೆ ಲೈನಿರಲಿಲ್ಲ ನಿನಗೆ."

"ಇರಲಿಲ್ಲ."

ದೊಡ್ಡಮ್ಮ ಬರಿಗೈಯಿಂದಲೇ ಕಣ್ಣೊರೆಸಿಕೊಂಡಳು. ಒಳಗೆ ಮೂಗು ಎಳೆದ ಸದ್ದಾಯಿತು. ನಾನೂ ಗೈಡೂ ಸದ್ದು ಮಾಡದೆ ಎದ್ದು ಮೆಟ್ಟಿಲ ಮೇಲೆ ಹೋಗಿ ಕೂತೆವು. ಚಹಾ ಕುದ್ದು ಉಕ್ಕಿರಬೇಕು, ಸುಟ್ಟ ವಾಸನೆ ಬಂತು. ಆದರೂ ಒಳಗಿನ ಮಾತು ನಿಲ್ಲಲಿಲ್ಲ, ನಡುನಡುವೆ ನಗುವೂ ಬೆರೆಯಿತು. ಓಣಿಯ ಕೆಳಗೆ ಗಾಡಿಯವರೆಲ್ಲ ಐಸ್‌ಕ್ರೀಮ್ ಹಿಡಿದು ಕಾಯುತ್ತಿದ್ದರು. ಹೊರಡೋಣ ಎಂದು ಒಬ್ಬರೂ ಅನ್ನಲಿಲ್ಲ.

ಹೊತ್ತು ಮುಳುಗುವ ಮುಂಚೆ ಗೈಡ್ ಮೆಲ್ಲಗೆ ಬಾಗಿಲು ತಟ್ಟಿದಳು. ಇಬ್ಬರೂ ಹೊರಬಂದಾಗ ತುದಿಯಮ್ಮ ದೊಡ್ಡಮ್ಮನ ತೋಳು ಹಿಡಿದುಕೊಂಡಿದ್ದಳು. "ಮುಖ ಇನ್ನೂ ಅಭ್ಯಾಸ ಆಗ್ಬೇಕು ನನಗೆ," ಎಂದು ನನ್ನ ಹತ್ತಿರ ಹೇಳಿದಳು.

ಅಭ್ಯಾಸ ಆಯಿತು. ಆ ಚಳಿಗಾಲಕ್ಕೆ ಅವಳೇ ಬಸ್ಸು ಹತ್ತಿ ಗುಡ್ಡಕ್ಕೆ ಬಂದಳು. ಫೋನಿನಲ್ಲಿ ಒಮ್ಮೆಯೂ ಜಗಳಾಡದವರು ಒಂದು ಸೂರಿನಡಿ ಬಂದದ್ದೇ ಹಾವು ಮುಂಗುಸಿಯಾದರು. ಅವಳಿಗೆ ಕಿಟಕಿ ತೆರೆಯದೆ ನಿದ್ದೆ ಬಾರದು, ಇವಳಿಗೆ ಗಾಳಿ ಬಿದ್ದರೆ ನೆಗಡಿ. ಉಪ್ಪು ಜಾಸ್ತಿ, ರೇಡಿಯೋ ಜೋರು, ಒದ್ದೆ ಬಟ್ಟೆ ಕೊಡವದೆ ಹರವುತ್ತಾಳೆ, ಎಲ್ಲಕ್ಕೂ ತಕರಾರು. ಮುಖ ಊದಿಸಿಕೊಂಡೇ ಹೊರಟ ತುದಿಯಮ್ಮ ತನ್ನೂರು ಮುಟ್ಟಿದ ಸಂಜೆಯೇ ಫೋನು ಮಾಡಿದಳು. ಮುಂದಿನ ಬೇಸಿಗೆಗೆ ದೊಡ್ಡಮ್ಮ ಅಲ್ಲಿಗೆ ಹೋದಳು, ಅದರ ಮುಂದಿನದಕ್ಕೂ.

ಆ ಎರಡನೆಯ ಬೇಸಿಗೆ ಮುಗಿಯುತ್ತ ಬಂದಾಗ ನಾನು ಅವಳನ್ನು ಕರೆತರಲು ಹೋದೆ. ಮನೆಗೆ ಚಿಲಕ ಹಾಕಿತ್ತು. ಬಂಡೆ ಇಳಿದು ಹೋದರೆ, ಇಬ್ಬರೂ ಉಟ್ಟದ್ದನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ ನೀರಿನಲ್ಲಿ ನಿಂತಿದ್ದರು. ಅಲೆ ಬಂದಾಗಲೆಲ್ಲ ದೊಡ್ಡಮ್ಮ ಆ ಪುಟ್ಟ ಮುದುಕಿಯ ಹೆಗಲು ಹಿಡಿದು ಕೂಗುತ್ತಿದ್ದಳು. ನನ್ನನ್ನು ಕಂಡು ದೂರದಿಂದಲೇ ಕೈಯಾಡಿಸಿದಳು.

"ಇನ್ನು ನಾಲ್ಕು ದಿನ ಇದ್ದು ಬರ್ತೀನಿ. ನೀನು ಹೊರಡು."

ದೊಡ್ಡಮ್ಮನ ಬಟ್ಟೆಯ ಚೀಲ ಮಂಚದ ಕೆಳಗೇ ಉಳಿಯಿತು. ನಾನು ಒಬ್ಬಳೇ ಸಂಜೆಯ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತೆ.